ಕೌದಿಗೆ ಚಪ್ಪಾಳೆ ಸಿಕ್ಕಿತು, ಕೂಲಿ ಎಲ್ಲಿ?

ಉತ್ತರ ಕನ್ನಡ ಜಿಲ್ಲೆಯ ಸಿದ್ದಿ ಹೆಂಗಸರು ಹಳೇ ಬಟ್ಟೆಯ ಚೂರು ಸೇರಿಸಿ ಹೊಲಿದ ಕೌದಿಗಳು 2011ರಲ್ಲಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ನಗರದ ಮ್ಯೂಸಿಯಂ ಏರಿದವು. ಆ ದೇಶದ ಪ್ರೊಫೆಸರ್ ಹೆನ್ರಿ ಡ್ರೂವಲ್ ಇಲ್ಲಿಗೆ ಬಂದು, ಈ ಹೆಂಗಸರ ಜೊತೆ ಕೂತು, ಹೊಲಿಗೆಯ ಮೇಲೆ ಲೇಖನ ಬರೆದರು. ಹಳಿಯಾಳ, ಯಲ್ಲಾಪುರ, ಮುಂಡಗೋಡದ ಕಾಡಂಚಿನ ಮನೆಗಳಲ್ಲಿ ಚಳಿಗೆ ಹೊದೆಯುವ ಬಟ್ಟೆಗೆ 'ಕಲೆ' ಎಂಬ ಬಿರುದು ಬಂತು. ಒಳ್ಳೇದೇ ಆಯ್ತು.

ಅದೇ ಕೌದಿಯನ್ನು ಊರಿನ ಸಂತೆಗೆ ತಂದು ಹಾಸಿದರೆ ಕೇಳುವ ಮಾತು ಬೇರೆ. "ಹಳೇ ಸೀರೆ ತಾನೇ, ಇಷ್ಟೊಂದು ದುಡ್ಡು ಯಾಕೆ?"

ಈ ಒಂದು ಪ್ರಶ್ನೆಯಲ್ಲೇ ರೋಗ ಇದೆ. ಬಟ್ಟೆ ಹಳೆಯದು, ನಿಜ. ಹೊಲಿದ ಕೈ ಹಳೆಯದೇ? ಆ ಕೈಗೆ ಖರ್ಚಾದ ದಿನ ಹಳೆಯದೇ?

ಕೌದಿ ಹೊಲಿಯುವುದು ಎಂದರೆ ಏನೆಂದು ಗೊತ್ತಿಲ್ಲದವರೇ ಹೀಗೆ ಕೇಳುತ್ತಾರೆ. ಸಿದ್ದಿಗಳು ಇದಕ್ಕೆ ಕವಂದಿ ಅನ್ನುತ್ತಾರೆ. ಹರಿದ ಸೀರೆಯನ್ನು ಕೆಳಗೆ ಹಾಸಿ, ಅಂಚಿನಿಂದ ಶುರುಮಾಡಿ ಚೂರು ಇಡುತ್ತಾ, ಸುತ್ತು ಸುತ್ತಾಗಿ ಹೊಲಿಯುತ್ತಾ ನಡುವಿಗೆ ಬರಬೇಕು. ಅಳತೆಪಟ್ಟಿ ಇಲ್ಲ, ನಕ್ಷೆ ಇಲ್ಲ. ಕೊನೆಗೆ ನಾಲ್ಕು ಮೂಲೆಗೂ 'ಫೂಲ' ಎಂಬ ಮಡಿಸಿದ ಬಟ್ಟೆಯ ಹೂವು. ಅದಿಲ್ಲದಿದ್ದರೆ ಕವಂದಿ ಬೆತ್ತಲೆ ಎಂದೇ ಲೆಕ್ಕ. ಹಿಂದೂ, ಮುಸ್ಲಿಂ, ಕ್ರಿಶ್ಚಿಯನ್, ಮೂರೂ ಕಡೆಯ ಸಿದ್ದಿಗಳಿದ್ದಾರೆ. ಕೆಲವರ ಕೌದಿಯಲ್ಲಿ ಶಿಲುಬೆ ಕಾಣುತ್ತದೆ, ಕೆಲವರದ್ದರಲ್ಲಿ ಅರ್ಧಚಂದ್ರ. ಹೊಲಿಗೆ ಮಾತ್ರ ಒಂದೇ.

ಹಗಲಿಡೀ ಅಡಿಕೆ ತೋಟದ ಕೂಲಿಗೆ ಹೋಗಿ, ಬಂದ ಮೇಲೆ ಮನೆಗೆಲಸ ಮುಗಿಸಿ ಸೂಜಿ ಹಿಡಿಯುವ ಹೆಂಗಸಿಗೆ ಒಂದು ದೊಡ್ಡ ಕೌದಿ ಮುಗಿಸಲು ವಾರಗಳೇ ಹಿಡಿಯುತ್ತವೆ. ಒಟ್ಟು ಹತ್ತು ದಿನದ ದುಡಿತ ಅಂತ ಇಟ್ಟುಕೊಳ್ಳಿ. ತೋಟದ ಒಂದು ದಿನದ ಕೂಲಿಯನ್ನು ಹತ್ತರಿಂದ ಗುಣಿಸಿ. ಬರುವ ಮೊತ್ತ ಕೌದಿಯ ಕೂಲಿ ಮಾತ್ರ. ನೂಲು, ಸೂಜಿ, ಬಸ್ ಚಾರ್ಜು ಬೇರೆ. ಈ ಲೆಕ್ಕಕ್ಕೆ ಡಿಗ್ರಿ ಬೇಕಿಲ್ಲ, ಮಗ್ಗಿ ಬಂದರೆ ಸಾಕು.

ಈಗ ಹೊಸದೊಂದು ಗಾಳಿ ಎದ್ದಿದೆ. ಪೇಟೆಯ ಗಿರಾಕಿಗೆ 'ನೈಸರ್ಗಿಕ ಬಣ್ಣ' ಬೇಕು. ಕಣ್ಣಿಗೆ ಹೊಡೆಯುವ ಗುಲಾಬಿ, ಹಸಿರು ಬೇಡ. ಮಣ್ಣಿನ ಬಣ್ಣ ಬೇಕು. ಹೊಸ ಬಟ್ಟೆ ತಂದು ಬಣ್ಣ ಹಾಕಿಸಿ, ಕತ್ತರಿಸಿ, ಕೌದಿ ಮಾಡಿ ಕೊಡಿ ಅನ್ನುವವರೂ ಇದ್ದಾರೆ. ಹೊಸ ಬಟ್ಟೆ ಚೂರು ಮಾಡಿ ಹೊಲಿದರೆ ಅದು ಬೆಡ್‌ಶೀಟ್ ಆದೀತು, ಕೌದಿ ಹೇಗಾದೀತು ಸ್ವಾಮಿ? ಸವೆದ ಬಟ್ಟೆಗೆ ಇನ್ನೊಂದು ಆಯುಷ್ಯ ಕೊಡುವುದೇ ಕೌದಿ.

ಹಾಗಂತ ಗಿಡದ ಬಣ್ಣ ಬೇಡ ಎಂದಲ್ಲ. ಬಣ್ಣ ಈ ಜಿಲ್ಲೆಯ ಹಿತ್ತಲಲ್ಲೇ ಇದೆ. ಶಿರಸಿ, ಸಿದ್ದಾಪುರ, ಯಲ್ಲಾಪುರದಲ್ಲಿ ಕೆಂಪಡಿಕೆ ಬೇಯಿಸಿದ ಹಂಡೆಯಲ್ಲಿ ಉಳಿಯುವ ಚೊಗರು ಯಾರಿಗೆ ಗೊತ್ತಿಲ್ಲ? ಪಂಚೆಗೆ ಬಿದ್ದರೆ ಎಷ್ಟು ತಿಕ್ಕಿದರೂ ಹೋಗದ ಕಲೆ ಅದು. ಹತ್ತಿ ಬಟ್ಟೆ ಗಿಡದ ಬಣ್ಣವನ್ನು ಸುಮ್ಮನೆ ಹಿಡಿಯುವುದಿಲ್ಲ. ಮೊದಲು ಅಳಲೆಕಾಯಿಯ ಒಗರು ಕುಡಿಸಬೇಕು, ಪಟಿಕ ಹಾಕಬೇಕು. ಚೊಗರಿನಲ್ಲಿ ಒಗರು ತಾನಾಗಿಯೇ ತುಂಬಿದೆ. ಕೆಂಪು ಕಂದು ಬಣ್ಣ ಕೊಡುತ್ತದೆ, ಕಬ್ಬಿಣದ ತುಕ್ಕಿನ ನೀರು ಸೇರಿದರೆ ಕಪ್ಪಿಗೆ ತಿರುಗುತ್ತದೆ. ದಾಳಿಂಬೆ ಸಿಪ್ಪೆಯಿಂದ ಹಳದಿ. ಮಾಸಿದ ಹತ್ತಿ ಸೀರೆ, ಪಂಚೆಗಳನ್ನು ಇದರಲ್ಲಿ ಅದ್ದಿದರೆ ಹೊಸ ಬಟ್ಟೆಯ ಹಂಗಿಲ್ಲದೆ ಪೇಟೆಯವರು ಕೇಳುವ ಬಣ್ಣ ಬಂದೀತು.

ತೊಡಕು ಒಂದಿದೆ. ಮನೆಯ ಹಳೇ ಬಟ್ಟೆ ಈಗ ಹೆಚ್ಚಾಗಿ ಪಾಲಿಯೆಸ್ಟರ್. ಅದಕ್ಕೆ ಚೊಗರು ಹತ್ತುವುದಿಲ್ಲ. ಹತ್ತಿ ಬಟ್ಟೆಯನ್ನು ಬೇರೆ ಮಾಡಿ ಕೊಡುವವರು ಬೇಕು. ಟೈಲರ್ ಅಂಗಡಿಯ ಚೂರು, ಮನೆಮನೆಯ ಹಳೇ ಪಂಚೆ ಪಂಚಾಯ್ತಿಯ ಒಣಕಸದ ಗಾಡಿಗೆ ಹೋಗುತ್ತವೆ. ಅಲ್ಲೇ ಹತ್ತಿಯದ್ದನ್ನು ಆರಿಸಿಟ್ಟರೆ ಸಾಕು. ಇದಕ್ಕೆ ಬೆಂಗಳೂರಿನಿಂದ ಆರ್ಡರ್ ಬರಬೇಕೇ?

ಆದರೆ ಬಣ್ಣ ಗಿಡದ್ದಾದ ಮಾತ್ರಕ್ಕೆ ನ್ಯಾಯ ಬಂತು ಅಂದುಕೊಳ್ಳಬೇಡಿ. ನೀಲಿಯೂ ಗಿಡದ ಬಣ್ಣವೇ. ಅದನ್ನು ಬೆಳೆಯಿರಿ ಎಂದು ಬಿಳಿ ದೊರೆಗಳು ಕೊಟ್ಟ ಕಾಟಕ್ಕೆ 1859ರಲ್ಲಿ ಬಂಗಾಳದ ರೈತರು ತಿರುಗಿಬಿದ್ದರು; 1917ರಲ್ಲಿ ಗಾಂಧೀಜಿ ಚಂಪಾರಣಕ್ಕೆ ಹೋದದ್ದೂ ಅದೇ ನೀಲಿಯ ಕಾರಣಕ್ಕೆ. ಗಿಡಕ್ಕೆ ಕೂಲಿಯ ಲೆಕ್ಕ ಬರೋದಿಲ್ಲ, ಮನುಷ್ಯರೇ ಬರೆಯಬೇಕು.

ಪಕ್ಕದ ಸಾಗರ ತಾಲ್ಲೂಕಿನ ಪಾಠವೂ ಕಣ್ಣೆದುರಿಗಿದೆ. ಹೆಗ್ಗೋಡು ಬಳಿಯ ಭೀಮನಕೋಣೆಯ 'ಚರಕ' ಮಹಿಳಾ ಸಹಕಾರ ಸಂಘ ಇದೇ ಚೊಗರು, ಇಂಥದೇ ಬಣ್ಣಗಳಿಂದ ಕೈಮಗ್ಗದ ಬಟ್ಟೆ ಮಾಡಿ ನಾಡಿಗೆಲ್ಲ ಹೆಸರಾಯಿತು. ಹಳ್ಳಿ ಹೆಣ್ಣುಮಕ್ಕಳ ಮನೆಯಲ್ಲಿ ಒಲೆ ಉರಿಯಿತು. ಕೈಉತ್ಪನ್ನಕ್ಕೆ ಜಿಎಸ್‌ಟಿ ಬೇಡ ಎಂದು ರಂಗಕರ್ಮಿ ಪ್ರಸನ್ನ 2017ರಲ್ಲಿ ಉಪವಾಸವನ್ನೇ ಕೂತರು. 2020ರಲ್ಲಿ, ಕೊರೊನಾ ಕಾಲದಲ್ಲಿ, ಅದೇ ಚರಕ ತಾನು ದಿವಾಳಿ ಎಂದು ಹೇಳಿಕೊಳ್ಳುವಂತಾಯಿತು. ಹೊಗಳಿಕೆಗೆ ಬರ ಇರಲಿಲ್ಲ. ಕಟ್ಟಿದ ಸಂಘಕ್ಕೇ ಈ ಗತಿಯಾದರೆ ಒಂಟಿಯಾಗಿ ಕೂತು ಹೊಲಿಯುವವಳ ಪಾಡೇನು?

ಸಿದ್ದಿಗಳು ಪರಿಶಿಷ್ಟ ಪಂಗಡಕ್ಕೆ ಸೇರಿದ್ದು 2003ರಲ್ಲಿ. ಆ ಹೆಸರಿನಲ್ಲಿ ಯೋಜನೆಗಳಿವೆ, ತರಬೇತಿಗಳಿವೆ. ಕೌದಿ ಹೊಲಿಯುವವಳಿಗೆ ಹೊಲಿಗೆ ಕಲಿಸಲು ಯಾರೂ ಬರಬೇಕಿಲ್ಲ. ಬೇಕಾದದ್ದು ಮೂರು. ದಿನದ ಕೂಲಿ ಲೆಕ್ಕದಲ್ಲಿ ಕಟ್ಟಿದ ಬೆಲೆ, ಅದಕ್ಕಿಂತ ಕೆಳಗೆ ಯಾರೂ ಕೇಳದಂಥ ಹೆಂಗಸರದೇ ಸಂಘ. ಅಡಿಕೆ ಸೊಸೈಟಿಗಳಿಂದ ಒಂದಿಷ್ಟು ಚೊಗರು, ಬಣ್ಣ ಕಾಯಿಸಲು ಒಂದು ಹಂಡೆ, ನೆರಳು. ಬನವಾಸಿಯ ಕದಂಬೋತ್ಸವದಂಥ ಕಡೆ ಮಳಿಗೆ, ಪ್ರತಿ ಕೌದಿಯ ಮೇಲೆ ಹೊಲಿದವಳ ಹೆಸರು. ಸಾಹೇಬರ ಫೋಟೋ ದೊಡ್ಡದಾಗಿ, ಹೊಲಿದವಳು 'ಫಲಾನುಭವಿ' ಎಂದು ಸಣ್ಣದಾಗಿ ಬರುವ ಬ್ಯಾನರು ಇನ್ನು ಸಾಕು.

ಗಿರಾಕಿಗಳೂ ಒಂದು ಮಾತು ನೆನಪಿಡಲಿ. ಮಾಲ್‌ನಲ್ಲಿ ಚೌಕಾಶಿ ಮಾಡದೆ ಬಿಲ್ ಕೊಟ್ಟು ಬರುವವರು, ಸಂತೆಯಲ್ಲಿ ಕೌದಿ ಬಿಡಿಸಿ ನೋಡುವಾಗ 'ಬಟ್ಟೆಗೆ ಎಷ್ಟು' ಎಂದು ಕೇಳುವುದು ಬಿಡಲಿ. 'ಎಷ್ಟು ದಿನ ಹಿಡೀತು ತಾಯಿ' ಎಂದು ಕೇಳಲಿ. ದರ ಎಷ್ಟಾಗಬೇಕು ಎಂಬುದು ಆಕೆಯ ಉತ್ತರದಲ್ಲೇ ಸಿಗುತ್ತದೆ.