ಕ್ಲಬ್ ಯಾರಪ್ಪನ ಆಸ್ತಿ?

ಕಂಠೀರವ ಕ್ರೀಡಾಂಗಣದ ಪಶ್ಚಿಮ ಗ್ಯಾಲರಿಯಲ್ಲಿ ನಿಂತು ಬೆಂಗಳೂರು ಎಫ್‌ಸಿಗಾಗಿ ತೊಂಬತ್ತು ನಿಮಿಷ ಕೂಗಿದ ಮೇಲೆ ಗಂಟಲಿಗೆ ಬಿಸಿ ಕಾಫಿ ಬೇಕಾಗುತ್ತದೆ, ಮನಸ್ಸಿಗೆ ಜಗಳ ಬೇಕಾಗುತ್ತದೆ. ಪಂದ್ಯ ಮುಗಿಸಿ ಸಂಪಂಗಿರಾಮನಗರದ ಕಡೆ ನಡೆಯುವ ನಮ್ಮ ಐದಾರು ಜನರ ಗುಂಪಿನಲ್ಲಿ ಎರಡಕ್ಕೂ ಬರವಿಲ್ಲ. ಲೆಫ್ಟ್ ಬ್ಯಾಕ್ ಯಾಕೆ ಪ್ರತಿ ಸಲ ಜಾಗ ಬಿಟ್ಟು ಓಡುತ್ತಾನೆ? ವಿದೇಶಿ ಸ್ಟ್ರೈಕರ್‌ಗೆ ಸುರಿಯುವ ಹಣದಲ್ಲಿ ನಮ್ಮ ಮೂವರು ಹುಡುಗರನ್ನು ಬೆಳೆಸಬಹುದಿತ್ತಲ್ಲವೇ? ಸುನಿಲ್ ಚೆಟ್ರಿ ಆದಮೇಲೆ ಗೋಲು ಹೊಡೆಯುವವರು ಯಾರು? ವರ್ಷಗಟ್ಟಲೆ ಇದನ್ನೇ ಅರೆದಿದ್ದೇವೆ. ಆದರೆ ಮಾತು ಆಟಗಾರರನ್ನು ದಾಟಿ ಮಾಲೀಕರ ಕಡೆಗೆ ಹೊರಳಿದ ಕೂಡಲೇ ಯಾರಾದರೊಬ್ಬರು ಲೋಟ ಕೆಳಗಿಟ್ಟು ತೀರ್ಪು ಕೊಟ್ಟುಬಿಡುತ್ತಾರೆ: "ಅವ್ರ ದುಡ್ಡು, ಅವ್ರಿಷ್ಟ. ಬಿಡು ಮಗಾ." ಅಲ್ಲಿಗೆ ಚರ್ಚೆ ಮುಗಿಯುತ್ತದೆ, ಬಿಲ್ಲು ಬರುತ್ತದೆ.

ನನ್ನ ತಕರಾರು ಇರುವುದು ಆ ಒಂದು ವಾಕ್ಯದ ಜೊತೆಗೆ.

ಎಷ್ಟೋ ವರ್ಷ ನಾನೂ ಅದನ್ನು ಹೇಳಿದವನೇ. ಹೇಳಲು ಕಾರಣವೂ ಇತ್ತು. 2013ರಲ್ಲಿ ಜೆಎಸ್‌ಡಬ್ಲ್ಯು ಸಮೂಹ ಈ ಕ್ಲಬ್ ಕಟ್ಟಿತು. ಮೊದಲ ವರ್ಷವೇ ಐ-ಲೀಗ್ ಗೆದ್ದೆವು. 2016ರಲ್ಲಿ ಎಎಫ್‌ಸಿ ಕಪ್ ಫೈನಲ್ ತಲುಪಿದ ಮೊದಲ ಭಾರತೀಯ ಕ್ಲಬ್ ನಮ್ಮದೇ. 2019ರಲ್ಲಿ ಇಂಡಿಯನ್ ಸೂಪರ್ ಲೀಗ್ ಕಿರೀಟವೂ ಬಂತು. ಎಲೆ ತುಂಬ ಬಡಿಸುತ್ತಿರುವಾಗ ಅಡುಗೆಮನೆಯ ಲೆಕ್ಕ ಕೇಳಲು ಯಾರಿಗೆ ಬಾಯಿ ಬರುತ್ತದೆ?

2025ರ ಆಗಸ್ಟ್‌ನಲ್ಲಿ ಆ ಅಡುಗೆಮನೆಯ ಬಾಗಿಲು ತಾನಾಗಿಯೇ ತೆರೆಯಿತು. ಲೀಗ್‌ನ ಭವಿಷ್ಯ ಅನಿಶ್ಚಿತವಾಗಿರುವುದರಿಂದ ಮೊದಲ ತಂಡದ ಆಟಗಾರರ ಮತ್ತು ಸಿಬ್ಬಂದಿಯ ವೇತನವನ್ನು ಅನಿರ್ದಿಷ್ಟ ಕಾಲ ನಿಲ್ಲಿಸುತ್ತಿರುವುದಾಗಿ ಕ್ಲಬ್ ಪ್ರಕಟಿಸಿತು. ಅದಕ್ಕೆ ನಾಲ್ಕೇ ತಿಂಗಳ ಹಿಂದೆ, ಏಪ್ರಿಲ್‌ನಲ್ಲಿ, ಇದೇ ತಂಡ ಕೋಲ್ಕತ್ತದಲ್ಲಿ ಐಎಸ್‌ಎಲ್ ಫೈನಲ್ ಆಡಿತ್ತು. ಫೈನಲ್ ಆಡಿದವರ ಸಂಬಳವೇ ನಿಲ್ಲುವುದಾದರೆ ನಾವು ಜಗಳವಾಡುತ್ತಿದ್ದ ಲೆಫ್ಟ್ ಬ್ಯಾಕ್‌ನ ತಪ್ಪು ಯಾವ ಮಹಾ ತಪ್ಪು?

ಇದು ಒಂದು ರಾತ್ರಿಯಲ್ಲಿ ಬಂದೆರಗಿದ ಆಪತ್ತಲ್ಲ. ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ 2010ರಲ್ಲಿ ಐಎಂಜಿ–ರಿಲಯನ್ಸ್ ಜೊತೆ ಹದಿನೈದು ವರ್ಷಗಳಿಗೆ 700 ಕೋಟಿ ರೂಪಾಯಿಯ ಒಪ್ಪಂದ ಮಾಡಿಕೊಂಡು ಭಾರತೀಯ ಫುಟ್‌ಬಾಲ್‌ನ ವಾಣಿಜ್ಯ ಹಕ್ಕುಗಳನ್ನು ಒಪ್ಪಿಸಿತ್ತು. ಐಎಸ್‌ಎಲ್ ಎಂಬ ಜಾತ್ರೆ ನಡೆದದ್ದು ಆ ಒಪ್ಪಂದದ ಚಪ್ಪರದಡಿ. ಹದಿನೈದು ವರ್ಷ ಕೂಡಿದರೆ ಮುಗಿಯುವುದು 2025ರ ಡಿಸೆಂಬರ್‌ಗೆ; ಬೆರಳೆಣಿಕೆ ಬಲ್ಲ ಯಾರಿಗೂ ತಿಳಿಯುವಂಥದ್ದು. ಜುಲೈನಲ್ಲಿ ಲೀಗ್ ನಡೆಸುವ ಸಂಸ್ಥೆ ಮುಂದಿನ ಋತುವನ್ನು ತಡೆಹಿಡಿಯಿತು. ಹಕ್ಕುಗಳಿಗೆ ಹೊಸ ಟೆಂಡರ್ ಕರೆದಾಗ ನವೆಂಬರ್‌ನಲ್ಲಿ ಒಬ್ಬನೇ ಒಬ್ಬ ಬಿಡ್ಡುದಾರ ಬರಲಿಲ್ಲ. 2026ರ ಜನವರಿಯಲ್ಲಿ ಚೆಟ್ರಿಯಂಥ ಆಟಗಾರರು ಕ್ಯಾಮೆರಾ ಮುಂದೆ ನಿಂತು, ನಮ್ಮ ಆಟವನ್ನು ಉಳಿಸಿಕೊಡಿ ಎಂದು ಫಿಫಾವನ್ನು ಬೇಡಿಕೊಳ್ಳಬೇಕಾಯಿತು. ಕೊನೆಗೆ ಫೆಬ್ರವರಿಯಲ್ಲಿ ಮೊಟಕುಗೊಂಡ ಲೀಗ್ ಹೇಗೋ ಶುರುವಾಯಿತು. ಈ ಒಪ್ಪಂದದ ಕೊನೆಯ ದಿನಾಂಕ ನಮ್ಮ ಕಾಫಿ ಜಗಳದಲ್ಲಿ ಒಂದೇ ಒಂದು ಸಲ ಬಂದಿದ್ದರೆ ಹೇಳಿ. ಎದುರಾಳಿ ತಂಡದ ಗೋಲ್‌ಕೀಪರ್‌ನ ಗುತ್ತಿಗೆ ಯಾವ ವರ್ಷ ಮುಗಿಯುತ್ತದೆಂದು ನಮಗೆ ಬಾಯಿಪಾಠ. ನಮ್ಮ ಆಟದ ಗುತ್ತಿಗೆಯೇ ಮುಗಿಯುವುದು ಗೊತ್ತಿರಲಿಲ್ಲ.

ಸಂಬಳ ನಿಂತದ್ದಕ್ಕಿಂತ ಭಯಪಡಬೇಕಾದ ಸಂಗತಿ ಇನ್ನೊಂದಿದೆ. ಭಾರತದಲ್ಲಿ ಫುಟ್‌ಬಾಲ್ ಕ್ಲಬ್‌ಗಳು ಊರು ಬಿಡುತ್ತವೆ. 2014ರಲ್ಲಿ ಹುಟ್ಟಿದ ಡೆಲ್ಲಿ ಡೈನಮೋಸ್ 2019ರಲ್ಲಿ ಗಂಟುಮೂಟೆ ಕಟ್ಟಿ ಭುವನೇಶ್ವರಕ್ಕೆ ಹೋಗಿ ಒಡಿಶಾ ಎಫ್‌ಸಿ ಆಯಿತು. ಅದೇ ವರ್ಷ ಪುಣೆ ಸಿಟಿ ಮುಚ್ಚಿತು, ಅದರ ಜಾಗಕ್ಕೆ ಹೈದರಾಬಾದ್ ಎಫ್‌ಸಿ ಬಂತು. ಆ ಹೈದರಾಬಾದ್ 2022ರಲ್ಲಿ ಚಾಂಪಿಯನ್ ಕೂಡ ಆಯಿತು. ಚಾಂಪಿಯನ್ ಆದ ಮೂರೂವರೆ ವರ್ಷಕ್ಕೆ, 2025ರ ಅಕ್ಟೋಬರ್‌ನಲ್ಲಿ, ಅದು ಸ್ಪೋರ್ಟಿಂಗ್ ಕ್ಲಬ್ ಡೆಲ್ಲಿ ಎಂಬ ಹೆಸರಿಟ್ಟುಕೊಂಡು ದೆಹಲಿ ಸೇರಿತು. ಪುಣೆಯ ಹುಡುಗನ ಹತ್ತಿರ, ಹೈದರಾಬಾದಿನ ಹುಡುಗಿಯ ಹತ್ತಿರ ಉಳಿದಿರುವುದು ಒಂದೊಂದು ಜೆರ್ಸಿ. ಒಗೆದಿಟ್ಟುಕೊಳ್ಳಬಹುದು, ಹಾಕಿಕೊಂಡು ಹೋಗಲು ಮೈದಾನವಿಲ್ಲ. "ಅವ್ರ ದುಡ್ಡು, ಅವ್ರಿಷ್ಟ" ಎಂಬ ತತ್ವವನ್ನು ಕೊನೆಯವರೆಗೆ ಎಳೆದರೆ ತಲುಪುವ ನಿಲ್ದಾಣ ಇದು.

ಇಂಗ್ಲೆಂಡಿನವರೂ ಇದನ್ನು ಕಂಡವರೇ. ಲಂಡನ್ನಿನ ವಿಂಬಲ್ಡನ್ ಎಂದರೆ ನಮಗೆ ಟೆನಿಸ್. ಅಲ್ಲೊಂದು ಫುಟ್‌ಬಾಲ್ ಕ್ಲಬ್ ಇತ್ತು, 1988ರಲ್ಲಿ ಎಫ್ಎ ಕಪ್ ಗೆದ್ದಿತ್ತು. 2002ರಲ್ಲಿ ಮಾಲೀಕರು ಅದನ್ನು ಸುಮಾರು ತೊಂಬತ್ತು ಕಿಲೋಮೀಟರ್ ದೂರದ ಮಿಲ್ಟನ್ ಕೀನ್ಸ್ ಎಂಬ ಊರಿಗೆ ಸಾಗಿಸಲು ಅನುಮತಿ ಪಡೆದರು. ಅಭಿಮಾನಿಗಳು ಅತ್ತರು, ಆಮೇಲೆ ಕೆಲವೇ ವಾರಗಳಲ್ಲಿ ತಮ್ಮದೇ ಎಎಫ್‌ಸಿ ವಿಂಬಲ್ಡನ್ ಕಟ್ಟಿದರು. ಆಟಗಾರರನ್ನು ಆರಿಸಲು ಊರ ಸಾರ್ವಜನಿಕ ಬಯಲಿನಲ್ಲಿ ಬಹಿರಂಗ ಟ್ರಯಲ್ಸ್ ನಡೆಸಿದರು. ದೇಶದ ಒಂಬತ್ತನೇ ಹಂತದ ಲೀಗ್‌ನಿಂದ ಶುರುಮಾಡಿ 2011ಕ್ಕೆ ನಾಲ್ಕನೇ ಹಂತಕ್ಕೆ, ಅಂದರೆ ವೃತ್ತಿಪರ ಲೀಗಿಗೆ ಹತ್ತಿದರು. 2020ರಲ್ಲಿ ತಮ್ಮ ಹಳೆಯ ಬೀದಿ ಪ್ಲೋ ಲೇನ್‌ನಲ್ಲಿ ಹೊಸ ಮೈದಾನ ಕಟ್ಟಿಕೊಂಡರು. ಅಲ್ಲಿ ಇದು ಸಾಧ್ಯವಾದದ್ದಕ್ಕೆ ಒಂದು ಕಾರಣ, ಕೆಳಗಿನಿಂದ ಗೆದ್ದವರು ಮೇಲೇರುವ ಏಣಿ ಅಲ್ಲಿದೆ. ನಮ್ಮಲ್ಲಿ ಐಎಸ್‌ಎಲ್‌ನಿಂದ ಕೆಳಗಿಳಿಯುವ ಹೆದರಿಕೆಯಿಲ್ಲದೆ ಕ್ಲಬ್‌ಗಳು ವರ್ಷಗಟ್ಟಲೆ ಆಡಿವೆ. ಸೋತರೂ ಜಾಗ ಭದ್ರ, ಹಣವಿದ್ದರೆ ಪ್ರವೇಶ.

ಎದುರು ವಾದ ನನಗೆ ಗೊತ್ತು, ಅದನ್ನು ಹಗುರವಾಗಿ ತಳ್ಳಿಹಾಕಲೂ ಆರೆ. ಭಾರತದಲ್ಲಿ ಫುಟ್‌ಬಾಲ್ ಕ್ಲಬ್ ನಡೆಸುವುದು ಲಾಭದ ವ್ಯಾಪಾರವಲ್ಲ. ಟಿಕೆಟ್ಟು, ಜೆರ್ಸಿ ಮಾರಿ ಬರುವ ಹಣ ತಂಡದ ಖರ್ಚಿಗೆ ಎಲ್ಲಿಯೂ ಸಾಲದು. ಮಾಲೀಕರು ಪ್ರತಿವರ್ಷ ಕೈಯಿಂದ ಹಾಕುತ್ತಾರೆ. ಜೆಎಸ್‌ಡಬ್ಲ್ಯು ಬಳ್ಳಾರಿ ಸೀಮೆಯಲ್ಲಿ ಕ್ರೀಡಾ ತರಬೇತಿ ಸಂಸ್ಥೆಯನ್ನೇ ಕಟ್ಟಿದೆ. ಆಗಸ್ಟ್‌ನ ಆ ಪ್ರಕಟಣೆಯಲ್ಲಿಯೂ ಎಳೆಯರ ತಂಡಗಳಿಗೆ ತೊಂದರೆಯಿಲ್ಲ ಎಂದು ಹೇಳಿತ್ತು. ಒಪ್ಪಿದೆ. ಆದರೆ ಉದಾರಿಯ ಔದಾರ್ಯದ ಮೇಲೆ ನಿಂತ ಕ್ಲಬ್‌ಗೆ ಆ ಉದಾರಿಯ ಮನಸ್ಸು ಬದಲಾದ ದಿನವೇ ಕೊನೆಯ ದಿನ. ಮುಂಬೈ ಸಿಟಿಯಲ್ಲಿ ಮ್ಯಾಂಚೆಸ್ಟರ್ ಸಿಟಿಯ ಮಾಲೀಕರೇ 2019ರಿಂದ ಬಹುಪಾಲು ಹೊಂದಿದ್ದರು. ಜಗತ್ತಿನ ಅತಿ ಶ್ರೀಮಂತ ಫುಟ್‌ಬಾಲ್ ಬಳಗ ಅದು. 2025ರ ಡಿಸೆಂಬರ್‌ನಲ್ಲಿ ಅವರೂ ಪಾಲು ಬಿಟ್ಟು ಹೊರನಡೆದರು. ಈಸ್ಟ್ ಬೆಂಗಾಲ್‌ನಂಥ ನೂರು ವರ್ಷದ ಕ್ಲಬ್‌ನ ಬಹುಪಾಲನ್ನು ನಮ್ಮ ಬೆಂಗಳೂರಿನದೇ ಕ್ವೆಸ್ ಕಂಪನಿ 2018ರಲ್ಲಿ ಕೊಂಡು 2020ರಲ್ಲಿ ಬಿಟ್ಟಿತು. ಇವರ್ಯಾರನ್ನೂ ನಾನು ಕಳ್ಳರೆನ್ನುತ್ತಿಲ್ಲ. ಬಂದವರು ಹೋಗುತ್ತಾರೆ, ವ್ಯಾಪಾರದ ಸ್ವಭಾವವೇ ಅದು. ಹೋಗಲಾರದವನು ಅಭಿಮಾನಿ ಒಬ್ಬನೇ. ಲೆಕ್ಕ ಕೇಳುವ ಹಕ್ಕು ಇಲ್ಲದವನೂ ಅವನೇ.

ಮಾಲೀಕರು ಹಾಕಿದ ಬಂಡವಾಳವನ್ನು ಕೋಟಿಗಳಲ್ಲಿ ಎಣಿಸುತ್ತೇವೆ. ಈ ಊರು ಹಾಕಿದ್ದನ್ನು ಎಣಿಸುವವರಿಲ್ಲ. 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ ಮುಂಬೈಗೆ ಹೋಗಿ ರೋವರ್ಸ್ ಕಪ್ ಗೆದ್ದಿತ್ತು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಸ್ವತಂತ್ರ ಭಾರತದ ಮೊದಲ ಗೋಲು ಹೊಡೆದ ಸಾರಂಗಪಾಣಿ ರಾಮನ್ ಇದೇ ಊರಿನವರು. ಈಸ್ಟ್ ಬೆಂಗಾಲ್‌ನ ಪಂಚಪಾಂಡವರಲ್ಲಿ ಒಬ್ಬರೆನಿಸಿದ ಅಹ್ಮದ್ ಖಾನ್ ಕೂಡ ಇಲ್ಲಿಯವರೇ. ಎಚ್‌ಎಎಲ್, ಐಟಿಐ ತಂಡಗಳ ಪಂದ್ಯಕ್ಕೆ ಪಾಳಿ ಮುಗಿಸಿ ಬಂದು ಕೂರುತ್ತಿದ್ದ ಕಾರ್ಮಿಕರು, ಗೌತಮಪುರದ ಓಣಿಯಲ್ಲಿ ಪೆಲೆಯ ಪ್ರತಿಮೆ ನಿಲ್ಲಿಸಿದ ಜನ, ಇವರೆಲ್ಲ ಉತ್ತಿಟ್ಟ ನೆಲದ ಮೇಲೆ 2013ರಲ್ಲಿ ಬಿತ್ತನೆಯಾಯಿತು. ಬೀಜ ಕಂಪನಿಯದು, ನೆಲ ಯಾರದು?

ಕೋಲ್ಕತ್ತ ಇದನ್ನು ನಮಗಿಂತ ಚೆನ್ನಾಗಿ ಬಲ್ಲದು. 1889ರಲ್ಲಿ ಹುಟ್ಟಿದ ಮೋಹನ್ ಬಾಗಾನ್ 2020ರಲ್ಲಿ ಗೋಯೆಂಕಾ ಬಳಗಕ್ಕೆ ಶೇ 80ರಷ್ಟು ಪಾಲು ಕೊಟ್ಟು ಎಟಿಕೆ ಮೋಹನ್ ಬಾಗಾನ್ ಆಯಿತು. ಎದುರಾಳಿಯಾಗಿದ್ದ ಕ್ಲಬ್‌ನ ಹೆಸರು ತಮ್ಮ ತಾಯಿಯ ಹೆಸರಿನ ಮುಂದೆ ಅಂಟಿಕೊಂಡದ್ದನ್ನು ಅಭಿಮಾನಿಗಳು ನುಂಗಲಿಲ್ಲ. ಬ್ಯಾನರ್ ಹಿಡಿದರು, ಬೀದಿಗಿಳಿದರು, ಗೆದ್ದಾಗಲೂ ಕೂಗಿದರು. 2023ರಲ್ಲಿ ತಂಡ ಐಎಸ್‌ಎಲ್ ಗೆದ್ದ ರಾತ್ರಿ ಮಾಲೀಕರೇ ಎಟಿಕೆ ತೆಗೆಯುವುದಾಗಿ ಪ್ರಕಟಿಸಿದರು. ಗಮನಿಸಿ, ಅದು ಸದಸ್ಯರು ಓಟು ಹಾಕಿ ಪದಾಧಿಕಾರಿಗಳನ್ನು ಆರಿಸುವ ಕ್ಲಬ್. ಓಟಿನ ಅಭ್ಯಾಸವಿದ್ದವರಿಗೆ ತಕರಾರಿನ ಅಭ್ಯಾಸವೂ ಇರುತ್ತದೆ.

ಹಾಗಂತ ಕ್ಲಬ್ ಅನ್ನು ಅಭಿಮಾನಿಗಳ ಕೈಗೆ ಕೊಟ್ಟರೆ ಸ್ವರ್ಗ ಇಳಿಯುತ್ತದೆ ಎಂದು ನಂಬುವಷ್ಟು ಮುಗ್ಧ ನಾನಲ್ಲ. ಬಾರ್ಸಿಲೋನಾ ಸದಸ್ಯರದೇ ಕ್ಲಬ್; 2021ರಲ್ಲಿ ಅದರ ಸಾಲ 135 ಕೋಟಿ ಯೂರೋ ಎಂದು ಅದರ ಅಧ್ಯಕ್ಷರೇ ಹೇಳಿದರು, ಮೆಸ್ಸಿ ಕಣ್ಣೀರಿಡುತ್ತ ಹೋದ. ಜರ್ಮನಿಯಲ್ಲಿ ಬಹುಮತದ ಓಟು ಸದಸ್ಯರ ಕೈಯಲ್ಲಿರಬೇಕೆಂಬ 50+1 ನಿಯಮ 1998ರಿಂದ ಇದೆ. ಲೈಪ್‌ಜಿಗ್‌ನಂಥ ಕ್ಲಬ್ ಓಟಿನ ಹಕ್ಕಿರುವ ಸದಸ್ಯರನ್ನು ಬೆರಳೆಣಿಕೆಗೆ ಇಳಿಸಿ ಅದರಲ್ಲೂ ನುಸುಳಿತು. ಅಭಿಮಾನಿಗಳ ಕೈಗೆ ಚೆಕ್‌ಬುಕ್ ಕೊಟ್ಟರೆ ನಮ್ಮ ಕಾಫಿ ಗುಂಪು ಮೊದಲ ವಾರದಲ್ಲೇ ಮೂವರು ಸ್ಟ್ರೈಕರ್‌ಗಳನ್ನು ಕೊಂಡು ದಿವಾಳಿಯಾಗುತ್ತದೆ, ಅನುಮಾನವೇ ಬೇಡ. ಆದರೂ ಬಾರ್ಸಿಲೋನಾದ ಸದಸ್ಯನಿಗೆ ಸಾಲ ಎಷ್ಟೆಂದು ಗೊತ್ತಾಯಿತು, ಮುಂದಿನ ಚುನಾವಣೆಯಲ್ಲಿ ಅವನು ಪ್ರಶ್ನೆ ಕೇಳಬಲ್ಲ. ನಾನು ಕೇಳುತ್ತಿರುವುದು ಅದಕ್ಕಿಂತ ಕಡಿಮೆ. ಹೆಸರು, ಬಣ್ಣ, ಲಾಂಛನ, ಊರು, ಈ ನಾಲ್ಕನ್ನು ನೋಂದಾಯಿತ ಅಭಿಮಾನಿಗಳ ಒಪ್ಪಿಗೆಯಿಲ್ಲದೆ ಮುಟ್ಟಬಾರದು. ವರ್ಷಕ್ಕೊಮ್ಮೆ ಕ್ಲಬ್ ತನ್ನ ಆದಾಯ, ಖರ್ಚು, ಸಾಲ ಇಷ್ಟನ್ನು ಒಂದು ಪುಟದಲ್ಲಿ ನಮ್ಮ ಮುಂದಿಡಬೇಕು. ಬೀದಿ ಗಣೇಶನನ್ನು ಕೂರಿಸುವ ಹುಡುಗರು ಕೂಡ ಚಂದಾ ಇಷ್ಟು, ಪೆಂಡಾಲ್‌ಗೆ ಇಷ್ಟು, ಆರ್ಕೆಸ್ಟ್ರಾಗೆ ಇಷ್ಟು ಎಂದು ಚಾರ್ಟ್ ಶೀಟಿನಲ್ಲಿ ಬರೆದು ಕಂಬಕ್ಕೆ ಅಂಟಿಸುತ್ತಾರೆ. ಸಾವಿರಾರು ಜನ ಟಿಕೆಟ್ ಕೊಟ್ಟು ಬರುವಲ್ಲಿ ಅಷ್ಟೂ ಬೇಡವೇ?

ಇಂಗ್ಲೆಂಡಿನಲ್ಲಿ ಇಂಥದ್ದಕ್ಕೆ 2025ರಲ್ಲಿ ಕಾನೂನೇ ಬಂತು, ಫುಟ್‌ಬಾಲ್‌ಗೆಂದೇ ಸ್ವತಂತ್ರ ನಿಯಂತ್ರಕರು ಬಂದರು. ನಮ್ಮಲ್ಲಿ ಕಾನೂನು ಬರುವವರೆಗೆ ಕಾಯಬೇಕಾಗಿಲ್ಲ. ಬಹುತೇಕ ಕ್ಲಬ್‌ಗಳು ನೋಂದಾಯಿತ ಕಂಪನಿಗಳು; ಅವು ಸರ್ಕಾರಕ್ಕೆ ಸಲ್ಲಿಸಿದ ವಾರ್ಷಿಕ ಲೆಕ್ಕಪತ್ರಗಳನ್ನು ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ ಜಾಲತಾಣದಲ್ಲಿ 100 ರೂಪಾಯಿ ಕಟ್ಟಿ ಯಾರು ಬೇಕಾದರೂ ನೋಡಬಹುದು. ನಾನು ಇದುವರೆಗೆ ನೋಡಿರಲಿಲ್ಲ. ಜೆರ್ಸಿಗೆ, ಮಫ್ಲರ್‌ಗೆ, ಬೇರೆ ಊರಿನ ಪಂದ್ಯಗಳ ಬಸ್ಸಿಗೆ ಎಷ್ಟು ಸುರಿದಿದ್ದೇನೋ ಲೆಕ್ಕವಿಟ್ಟಿಲ್ಲ. ಆ ನೂರು ರೂಪಾಯಿ ಮಾತ್ರ ಖರ್ಚು ಮಾಡಲು ತೋಚಲಿಲ್ಲ. ನಮ್ಮ ಗುಂಪಿನ ಆರು ಜನರಲ್ಲಿ ಇಬ್ಬರು ಬಿ.ಕಾಂ. ಓದಿದವರು, ಒಬ್ಬ ಹಗಲೆಲ್ಲ ಬೇರೆಯವರ ಬ್ಯಾಲೆನ್ಸ್ ಶೀಟ್ ತಿದ್ದುವವನು. ಅವನೂ ನೋಡಿರಲಿಲ್ಲ.

ಕಳೆದ ಸಲ ಅವನಿಗೆ ಇದನ್ನೇ ಹೇಳಿದೆ. "ಆಫೀಸ್ ಕೆಲ್ಸ ಇಲ್ಲಿಗೂ ತರ್ತೀಯಲ್ಲೋ" ಎಂದು ಗೊಣಗಿದ. ಆಮೇಲೆ ಫೋನ್ ತೆಗೆದು, ಕಾಫಿ ಆರುವವರೆಗೂ ಏನನ್ನೋ ಓದುತ್ತ ಕೂತ. ಉಳಿದವರು ಲೆಫ್ಟ್ ಬ್ಯಾಕ್ ಬಗ್ಗೆ ಶುರುಮಾಡಿಯಾಗಿತ್ತು. ಅವನು ತಲೆಯೆತ್ತದೆ ಕೇಳಿದ: "ಇದ್ರಲ್ಲಿ ಸಾಲ ಅಂತ ತೋರ್ಸಿದಾರಲ್ಲ, ಅದು ಯಾರಿಗೆ ಕೊಡ್ಬೇಕಾದ್ದು?"