ಪುಕ್ಕಟೆ ಕೊಟ್ಟ ಮಾತ್ರೆಯಿಂದ ಲಾಭವಾಯಿತೇ?

ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ ಎಂಬ ಪಾಠ ಬಂದಾಗ ವಿದ್ಯಾರ್ಥಿಗಳು ಕೇಳುವ ಪ್ರಶ್ನೆ ಒಂದೇ: ‘ಇದರಿಂದ ಕಂಪನಿಗೆ ಏನು ಲಾಭ ಸಾರ್?’ ಪಾಲಕರ ಸಂಶಯವೂ ಅದೇ. ವಿಜ್ಞಾನದ ಮೇಷ್ಟ್ರಿಗೆ ವ್ಯಾಪಾರದ ಉಸಾಬರಿ ಏಕೆ ಎನ್ನಬೇಡಿ. ಕಾರಣ ಯಾವುದು, ಪರಿಣಾಮ ಯಾವುದು ಎಂದು ಹುಡುಕುವುದು ನಮ್ಮ ಕಸುಬೇ.

ಒಂದು ಮಾತ್ರೆಯ ಕಥೆಯನ್ನೇ ತೆಗೆದುಕೊಳ್ಳೋಣ. ಆಫ್ರಿಕದಲ್ಲಿ ರಭಸವಾಗಿ ಹರಿಯುವ ನದಿಗಳ ಬಳಿ ಒಂದು ಜಾತಿಯ ಕಪ್ಪು ನೊಣವಿದೆ. ಅದು ಕಚ್ಚಿದಾಗ ಹುಳುವೊಂದರ ಮರಿಗಳು ಮನುಷ್ಯನ ದೇಹ ಸೇರುತ್ತವೆ. ಒಳಗೆ ಬೆಳೆದ ಹೆಣ್ಣುಹುಳು ವರ್ಷಗಟ್ಟಲೆ ಬದುಕಿ ಲಕ್ಷಾಂತರ ಮರಿ ಹಾಕುತ್ತದೆ. ಆ ಮರಿಗಳು ಚರ್ಮದಡಿ ಹರಿದಾಡಿದರೆ ತಡೆಯಲಾರದ ತುರಿಕೆ. ಕಣ್ಣಿಗೆ ಹೊಕ್ಕರೆ ಕ್ರಮೇಣ ಕುರುಡು. ಇದಕ್ಕೆ ನದಿಕುರುಡು ಎಂದೇ ಹೆಸರು. ನೀರಿನ ಪಕ್ಕದ ಫಲವತ್ತಾದ ಹೊಲಗಳನ್ನು ಬಿಟ್ಟು ಊರಿಗೆ ಊರೇ ಗುಳೆ ಹೋದದ್ದುಂಟು.

ಜಪಾನಿನ ಮಣ್ಣಿನಲ್ಲಿ ಸತೋಶಿ ಒಮುರ ಹುಡುಕಿದ ಒಂದು ಬ್ಯಾಕ್ಟೀರಿಯ, ಅಮೆರಿಕದ ಮರ್ಕ್ ಕಂಪನಿಯ ವಿಜ್ಞಾನಿ ವಿಲಿಯಂ ಕ್ಯಾಂಬೆಲ್ ಕೈಸೇರಿ ಐವರ್‌ಮೆಕ್ಟಿನ್ ಎಂಬ ಔಷಧಿಯಾಯಿತು. (ಇಬ್ಬರಿಗೂ 2015ರಲ್ಲಿ ನೊಬೆಲ್ ಬಂತು.) ಮೊದಲು ಅದು ದನ, ಕುದುರೆಗಳ ಜಂತುಹುಳುವಿನ ಮದ್ದು, ಕಂಪನಿಗೆ ಕೈತುಂಬ ಹಣ ತಂದಿತು. ಮನುಷ್ಯರ ನದಿಕುರುಡಿಗೂ ಅದು ನಾಟುತ್ತದೆಂದು ತಿಳಿದಾಗ ತೊಡಕು ಎದುರಾಯಿತು. ರೋಗಿಗಳ ಬಳಿ ಬಿಡಿಗಾಸಿಲ್ಲ, ಅವರ ಪರವಾಗಿ ಕೊಳ್ಳುವವರೂ ಸಿಗಲಿಲ್ಲ. 1987ರಲ್ಲಿ ಕಂಪನಿಯ ಮುಖ್ಯಸ್ಥ ರಾಯ್ ವ್ಯಾಜೆಲೊಸ್, ಬೇಕಾದಷ್ಟು ಮಾತ್ರೆಯನ್ನು ಬೇಕಾದಷ್ಟು ಕಾಲ ಪುಕ್ಕಟೆ ಕೊಡುವುದಾಗಿ ಘೋಷಿಸಿದರು. ಮಾತು ಸಣ್ಣದಲ್ಲ. ಈ ಮಾತ್ರೆ ಮರಿಗಳನ್ನು ಕೊಲ್ಲುತ್ತದೆಯೇ ಹೊರತು ದೊಡ್ಡ ಹುಳುವನ್ನಲ್ಲ. ಆದ್ದರಿಂದ ಊರಿನ ಎಲ್ಲರೂ ಹತ್ತಾರು ವರ್ಷ, ವರ್ಷಕ್ಕೊಮ್ಮೆಯಾದರೂ ನುಂಗುತ್ತಲೇ ಇರಬೇಕು.

ಲಾಭವಾಯಿತೇ? ಹೆಸರು ಬಂತು, ನಿಜ. ಆದರೆ ಆ ಹೆಸರಿಗೆ ಎಷ್ಟು ರೂಪಾಯಿ ಬೆಲೆ ಕಟ್ಟುವುದು? ಅವರೆ ಬೀಜದ ಪ್ರಯೋಗ ನೆನಪಿಸಿಕೊಳ್ಳಿ: ಎರಡು ಕುಂಡ, ಒಂದೇ ಮಣ್ಣು, ಒಂದಕ್ಕೆ ಮಾತ್ರ ಗೊಬ್ಬರ. ದಾನ ಮಾಡದ ಇನ್ನೊಂದು ಮರ್ಕ್ ಕಂಪನಿ ಪಕ್ಕದ ಕುಂಡದಲ್ಲಿಲ್ಲವಲ್ಲ! ಒಳ್ಳೆಯ ಕೆಲಸ ಮಾಡುವ ಕಂಪನಿಗಳು ಹೆಚ್ಚು ಗಳಿಸುತ್ತವೆ ಎಂಬ ಲೆಕ್ಕ ಕಂಡರೆ ನಾನು ಹುಬ್ಬೇರಿಸುವುದು ಇದಕ್ಕೇ. ಗಳಿಕೆ ಚೆನ್ನಾಗಿರುವವರೇ ಕೈಬಿಚ್ಚಿ ಕೊಡುತ್ತಿರಬಹುದು. ಮರ್ಕ್ ಕೂಡ ಮೊದಲು ದನದ ಮದ್ದಿನಲ್ಲಿ ಗಳಿಸಿ ಆಮೇಲೆ ಕೊಟ್ಟದ್ದು.

ಒಳ್ಳೆಯ ಹೆಸರು ಕಷ್ಟಕಾಲಕ್ಕೆ ಕಾಯುತ್ತದೆ ಎನ್ನುವವರಿದ್ದಾರೆ. ಇದೇ ಮರ್ಕ್ 2004ರಲ್ಲಿ ವಯಾಕ್ಸ್ ಎಂಬ ನೋವಿನ ಮಾತ್ರೆಯನ್ನು ಮಾರುಕಟ್ಟೆಯಿಂದ ಹಿಂತೆಗೆಯಿತು. ಹೃದಯಾಘಾತ, ಪಾರ್ಶ್ವವಾಯುಗಳ ಅಪಾಯ ಹೆಚ್ಚೆಂದು ಕಂಡುಬಂದಿತ್ತು. ಒಂದೇ ದಿನದಲ್ಲಿ ಷೇರಿನ ಬೆಲೆ ಕಾಲುಭಾಗಕ್ಕೂ ಹೆಚ್ಚು ಕುಸಿಯಿತು. ಮೊಕದ್ದಮೆಗಳ ರಾಜಿಗೆ 2007ರಲ್ಲಿ 485 ಕೋಟಿ ಡಾಲರ್ ಒಪ್ಪಬೇಕಾಯಿತು. ಆಫ್ರಿಕದ ಪುಣ್ಯ ಅಲ್ಲಿ ಜಮೆಯಾಗಲಿಲ್ಲ.

ನಮ್ಮ ದೇಶ ಈ ಲಾಭನಷ್ಟದ ಚರ್ಚೆಗೇ ಹೋಗದೆ 2013ರ ಕಂಪನಿ ಕಾಯಿದೆಯಲ್ಲಿ ಕಡ್ಡಾಯ ಮಾಡಿತು. ನಿಗದಿತ ಮಿತಿ ದಾಟಿದ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ನಿವ್ವಳ ಲಾಭದಲ್ಲಿ ಶೇ. 2ರಷ್ಟನ್ನು ಸಮಾಜಕ್ಕಾಗಿ ಖರ್ಚು ಮಾಡಬೇಕು. ಸರಾಸರಿ 100 ಕೋಟಿ ಲಾಭವಿದ್ದರೆ 2 ಕೋಟಿ. ಸ್ವಂತ ನೌಕರರಿಗಷ್ಟೇ ಅನುಕೂಲವಾಗುವ ಖರ್ಚು ಇದರಲ್ಲಿ ಸೇರದು. ನನಗಂತೂ ಇದು ಹೆಚ್ಚು ಪ್ರಾಮಾಣಿಕವಾಗಿ ಕಾಣುತ್ತದೆ, ಕಡ್ಡಾಯದ ಕೊಡುಗೆಗೆ ದೊಡ್ಡ ಫಲಕ ಹಾಕಿಸಿಕೊಳ್ಳುವವರನ್ನು ಬಿಟ್ಟರೆ.

ಮಾತ್ರೆಯ ಲೆಕ್ಕ ಇನ್ನೂ ಒಂದಿದೆ. 2013ರಲ್ಲಿ ಕೊಲಂಬಿಯ ನದಿಕುರುಡಿನಿಂದ ಮುಕ್ತವಾದ ಮೊದಲ ದೇಶವೆಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿತು. ಆಫ್ರಿಕದಲ್ಲಿ ಮೊದಲನೆಯದು ನೈಜರ್, 2025ರ ಜನವರಿಯಲ್ಲಿ. ಆ ರೋಗಕ್ಕಾಗಿ ಅಲ್ಲಿ ಇನ್ನು ಯಾರೂ ಮಾತ್ರೆ ಕೇಳಬೇಕಾಗಿಲ್ಲ.