ಊಹೆ ಯಂತ್ರದ್ದು, ಖರ್ಚು ಯಾರದ್ದು?

2020ರ ಮಾರ್ಚ್‌ನಲ್ಲಿ, ಲಾಕ್‌ಡೌನ್ ಶುರುವಾದ ವಾರ, ಬೆಂಗಳೂರಿನ ಹಲಸೂರಿನ ಯಾವ ಔಷಧಿ ಅಂಗಡಿಯಲ್ಲೂ ಚಿಕ್ಕಮ್ಮನ ಕೀಲುವಾತದ ಮಾತ್ರೆ ಸಿಗಲಿಲ್ಲ. ಅವರು ವರ್ಷಗಳಿಂದ ನುಂಗುತ್ತಿದ್ದದ್ದು ಹೈಡ್ರಾಕ್ಸಿಕ್ಲೋರೋಕ್ವಿನ್. ಕೊರೊನಾಕ್ಕೆ ಅದೇ ಮದ್ದಂತೆ ಎಂದು ಕೇಳಿ, ಕಾಯಿಲೆಯಿಲ್ಲದವರು ಸ್ಟ್ರಿಪ್‌ಗಟ್ಟಲೆ ಒಯ್ದಿದ್ದರು. "ಸ್ಟಾಕ್ ಇಲ್ಲಮ್ಮ, ಶಿವಾಜಿನಗರದಲ್ಲಿ ಕೇಳಿ ನೋಡಿ" ಎಂದರು ಅಂಗಡಿಯವರು. 26ರಂದು ಕೇಂದ್ರ ಸರ್ಕಾರ ಅದರ ಮಾರಾಟವನ್ನು ಎಚ್1 ಪಟ್ಟಿಯ ಬಿಗಿ ನಿಯಮಗಳಿಗೆ ಒಳಪಡಿಸಿತು. ಜೂನ್‌ನಲ್ಲಿ ಬ್ರಿಟನ್ನಿನ 'ರಿಕವರಿ' ಎಂಬ ಔಷಧಿ ಪರೀಕ್ಷೆ ಆ ಮಾತ್ರೆಯಿಂದ ಕೊರೊನಾ ರೋಗಿಗಳಿಗೆ ಪ್ರಯೋಜನವಿಲ್ಲ ಎಂದಿತು. ಅದೇ ತಿಂಗಳು ಅದೇ ಪರೀಕ್ಷೆ, ಅಗ್ಗದ ಹಳೆ ಸ್ಟೀರಾಯ್ಡ್ ಡೆಕ್ಸಾಮೆಥಾಸೋನ್ ವೆಂಟಿಲೇಟರ್ ಮೇಲಿದ್ದವರ ಸಾವನ್ನು ಮೂರನೇ ಒಂದರಷ್ಟು ತಗ್ಗಿಸುತ್ತದೆ ಎಂದೂ ತೋರಿಸಿತು.

ಎರಡೂ ಹಳೆ ಔಷಧಿಗಳೇ. ಜೊಳ್ಳು ಯಾವುದು, ಗಟ್ಟಿ ಯಾವುದು ಎಂದು ಹೇಳಿದ್ದು ಪರೀಕ್ಷೆ. ಹಳೆ ಮದ್ದಿಗೆ ಹೊಸ ಕೆಲಸ ಹುಡುಕುವ ಯಂತ್ರಕಲಿಕೆಯ ಬಗ್ಗೆ ಉತ್ಸಾಹದ ಮಾತು ಕೇಳಿದಾಗಲೆಲ್ಲ ನನಗೆ ಆ ಜೂನ್ ನೆನಪಾಗುತ್ತದೆ.

ಯಂತ್ರವನ್ನು ಹಳಿಯುತ್ತಿಲ್ಲ. ಔಷಧಿ, ಪ್ರೋಟೀನು, ಕಾಯಿಲೆಗಳನ್ನು ಗಂಟುಗಳಾಗಿಟ್ಟು, ಅವುಗಳ ನಡುವೆ ಗೊತ್ತಿರುವ ನಂಟುಗಳನ್ನು ದಾರಗಳಾಗಿ ಎಳೆದು ಒಂದು ಬಲೆ ಹೆಣೆಯುತ್ತಾರೆ. ಇನ್ನೂ ಯಾರೂ ಎಳೆಯದ ದಾರ ಎಲ್ಲಿರಬಹುದೆಂದು ಊಹಿಸುವುದನ್ನು ಯಂತ್ರ ಕಲಿಯುತ್ತದೆ. 2020ರ ಫೆಬ್ರವರಿಯಲ್ಲಿ ಲಂಡನ್ನಿನ ಬೆನೆವೊಲೆಂಟ್‌ಎಐ ಎಂಬ ಕಂಪನಿ ಇಂಥ ಬಲೆಯ ನೆರವಿನಿಂದ ಬಾರಿಸಿಟಿನಿಬ್ ಎಂಬ ಕೀಲುವಾತದ ಮಾತ್ರೆಯನ್ನು ಎತ್ತಿ ತೋರಿಸಿತು: ಉರಿಯೂತವನ್ನು ತಗ್ಗಿಸೀತು, ವೈರಸ್ ಜೀವಕೋಶದೊಳಗೆ ನುಗ್ಗುವುದನ್ನೂ ತಡೆದೀತು. ಮುಂದೆ ರಿಕವರಿ ಅದನ್ನು 8,156 ರೋಗಿಗಳಲ್ಲಿ ಪರೀಕ್ಷಿಸಿದಾಗ ಸಾವು ನೂರಕ್ಕೆ 14ರಿಂದ 12ಕ್ಕೆ ಇಳಿಯಿತು. ಆ ಮಾತ್ರೆ ತಯಾರಿಸುವ ಎಲಿ ಲಿಲ್ಲಿ ಕಂಪನಿಯೂ ಬೇರೆ ಪರೀಕ್ಷೆಗೆ ಹಣ ಹೂಡಿತ್ತು. ಪೇಟೆಂಟ್ ಇದ್ದ ಮಾತ್ರೆ, ಹೂಡದೆ ಇದ್ದೀತೇ?

ತೊಡಕಿರುವುದು ಇಲ್ಲೇ. ಪೇಟೆಂಟ್ ಮುಗಿದು, ಹತ್ತಾರು ಕಂಪನಿಗಳು ಮಾಡುವ ಅಗ್ಗದ ಮಾತ್ರೆಗೆ ಹೊಸ ಉಪಯೋಗವಿದೆ ಎಂದು ಯಂತ್ರ ಹೇಳಿದರೆ ಕೋಟಿ ಸುರಿದು ಸಾಬೀತು ಮಾಡುವವರು ಯಾರು? ಒಬ್ಬರು ಸುರಿದರೆ ಲಾಭ ಎಲ್ಲರಿಗೂ ಹಂಚಿಹೋಗುತ್ತದೆ. ಭಾರತದ 2019ರ ಔಷಧಿ ನಿಯಮಗಳ ಪ್ರಕಾರ ಹಳೆ ಔಷಧಿಯನ್ನು ಹೊಸ ಕಾಯಿಲೆಗೆಂದು ಮಾರುವುದಾದರೆ ಅದು ಮತ್ತೆ 'ಹೊಸ ಔಷಧಿ'ಯೇ; ಅನುಮತಿ ಬೇಕು. ಬೇಕಾದದ್ದೇ, ಚಿಕ್ಕಮ್ಮನ ಅನುಭವ ನೋಡಿದವರು ಆ ನಿಯಮವನ್ನು ಬೈಯಲಾರರು.

ಊಹಿಸುವ ಬುದ್ಧಿಗೆ ನಮ್ಮೂರಲ್ಲಿ ಬರವಿಲ್ಲ. 2008ರಷ್ಟು ಹಿಂದೆಯೇ ಭಾರತೀಯ ವಿಜ್ಞಾನ ಸಂಸ್ಥೆಯ ನಾಗಸುಮಾ ಚಂದ್ರ ಮತ್ತು ಸಂಗಡಿಗರು ಕ್ಷಯದ ಬ್ಯಾಕ್ಟೀರಿಯಾದ ಸುಮಾರು 4,000 ಪ್ರೋಟೀನುಗಳನ್ನು ಕಂಪ್ಯೂಟರಿನಲ್ಲಿ ಜರಡಿ ಹಿಡಿದು, ಔಷಧಿಗೆ ಗುರಿಯಾಗಬಲ್ಲ 451ನ್ನು ಆರಿಸಿದ್ದರು. ಬರ ಇರುವುದು ದಾಖಲೆಗೆ. ಅದೇ 2008ರಲ್ಲಿ ಫ್ರಾನ್ಸಿನ ಬೋರ್ಡೋದಲ್ಲಿ ಹೃದ್ರೋಗಕ್ಕೆ ಪ್ರೊಪ್ರನೊಲಾಲ್ ಪಡೆದ ಮಗುವಿನ ಕೆಂಪು ರಕ್ತಗಡ್ಡೆ ಕುಗ್ಗಿದ್ದನ್ನು ವೈದ್ಯರು ಗಮನಿಸಿ ಬರೆದಿಟ್ಟರು. ಇಂದು ಆ ಗಡ್ಡೆಗೆ ಅದೇ ಚಿಕಿತ್ಸೆ. ನಮ್ಮಲ್ಲಿ ಇಂಥದ್ದು ಕಂಡರೂ ಅದು ರೋಗಿಯ ಪ್ಲಾಸ್ಟಿಕ್ ಕವರಿನೊಳಗಿನ ಚೀಟಿಯಲ್ಲಿ, ಓದಲಾಗದ ಕೈಬರಹದಲ್ಲಿ ಉಳಿದುಬಿಡುತ್ತದೆ. ಯಾರೂ ಬರೆದಿಡದ್ದನ್ನು ಯಂತ್ರ ಎಲ್ಲಿಂದ ಕಲಿತೀತು?

ಸರ್ಕಾರ ಕೃತಕ ಬುದ್ಧಿಮತ್ತೆಗೆಂದು ಹಣ ತೆಗೆದಿಡುವಾಗ ಅದರಲ್ಲೊಂದು ಪಾಲನ್ನು ಬೌರಿಂಗ್, ವಿಕ್ಟೋರಿಯಾದಂಥ ಆಸ್ಪತ್ರೆಗಳ ಹೊರರೋಗಿ ದಾಖಲೆಗೂ, ಲಾಭವಿಲ್ಲದ ಹಳೆ ಮಾತ್ರೆಗಳ ಪರೀಕ್ಷೆಗೂ ಮೀಸಲಿಡಲಿ. ಅಲ್ಲಿಯವರೆಗೆ, ಓದುಗರೇ, ಯಂತ್ರ ಹೇಳಿತೆಂದು ಅಂಗಡಿಗೆ ಓಡಬೇಡಿ. ಆ ಸ್ಟ್ರಿಪ್ ಇನ್ನೊಬ್ಬರ ಈ ತಿಂಗಳ ಮದ್ದು.